ಗಾಜಿನ ಚುಕ್ಕೆ, ಮುಖದ ಚುಕ್ಕೆ

ಕಳೆದ ತಿಂಗಳು ಒಂದು ಮಧ್ಯಾಹ್ನ ಎರಡನೇ ವರ್ಷದ ಬಿ.ಎಸ್ಸಿ. ತರಗತಿಗೆ ಬೆಳಕಿನ ಪಾಠ ಮಾಡುತ್ತಿದ್ದಾಗ ನನಗೆ ತೀರಾ ಬೇಕಾದ ಹಿರಿಯರೊಬ್ಬರ ಮಗಳ ಫೋನ್ ಬಂತು. ಅಪ್ಪ ಬೆಳಿಗ್ಗೆ ಹೋಗಿಬಿಟ್ಟರು ಎಂದಳು. ಹೊರಗೆ ನಿಂತು ಮಾತಾಡಿ ಒಳಗೆ ಬಂದೆ. ಹಲಗೆಯ ಮೇಲೆ ಅರ್ಧ ಬರೆದಿದ್ದ ಸಮೀಕರಣ ಮುಗಿಸಲು ಕೈ ಬರಲಿಲ್ಲ. "ಇವತ್ತು ಪಾಠ ಬೇಡ, ಒಬ್ಬರ ವಿಷಯ ಹೇಳ್ತೀನಿ" ಎಂದು ಮೇಜಿಗೆ ಒರಗಿ ಶುರು ಮಾಡಿದೆ. ಐದು ನಿಮಿಷದಲ್ಲಿ ಮುಗಿಸಬೇಕೆಂದಿದ್ದೆ. ಗಂಟೆ ಹೊಡೆಯುವವರೆಗೂ ನಿಲ್ಲಿಸಲಾಗಲಿಲ್ಲ. ಸಾವಿನ ಸುದ್ದಿ ಕೇಳಿ ಬಂದವಳು ಕೈ ಆಡಿಸಿಕೊಂಡು, ನಡುನಡುವೆ ನಗುತ್ತ ಮಾತಾಡುವುದನ್ನು ಕಂಡು ಮುಂದಿನ ಬೆಂಚಿನ ಹುಡುಗಿಯರು ಮುಖ ಮುಖ ನೋಡಿಕೊಂಡರು. ಏನು ಮಾಡಲಿ, ಅವರನ್ನು ನೆನೆದರೆ ನನ್ನಲ್ಲಿ ಮೊದಲು ಏಳುವುದು ಉತ್ಸಾಹ. ದುಃಖ ಅದರ ಹಿಂದೆ ನಿಧಾನವಾಗಿ ಬರುತ್ತದೆ.

ಮೈಸೂರಿನ ದೇವರಾಜ ಮೊಹಲ್ಲಾದ ಒಂದು ಅಡ್ಡರಸ್ತೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವರ ಫೋಟೋ ಸ್ಟುಡಿಯೋ ಇತ್ತು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನನ್ನ ಪಿಎಚ್‌.ಡಿ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಹೆಸರು ಹಾಕುತ್ತೇನೆ ಎಂದಾಗಲೇ ಬೇಡವೆಂದವರು ಅವರು. "ಫೋಟೋ ಮೇಲೆ ಸ್ಟುಡಿಯೋ ಹೆಸರಿರ್ತದೆ. ಟಚಿಂಗ್ ಮಾಡ್ದೋನ ಹೆಸರು ಎಲ್ಲಾದ್ರೂ ನೋಡಿದೀರಾ? ಬುಡಿ ಮೇಡಂ" ಅಂದಿದ್ದರು.

ಟಚಿಂಗ್ ಅವರ ನಿಜವಾದ ಕಸುಬು. ಫಿಲ್ಮಿನ ಕಾಲದಲ್ಲಿ ಮೈಸೂರಿನ ಅರ್ಧ ಸ್ಟುಡಿಯೋಗಳ ನೆಗೆಟಿವ್‌ಗಳು ಅವರ ಮೇಜಿಗೆ ಬರುತ್ತಿದ್ದವಂತೆ. ಕೆಳಗಿನಿಂದ ಬೆಳಕು ಬರುವ ಓರೆ ಮೇಜು, ಅದರ ಮೇಲೆ ನೆಗೆಟಿವ್, ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್. ಮೊಡವೆ, ಗೀರು, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಆ ಪೆನ್ಸಿಲಿನ ತುದಿಯಲ್ಲಿ ಮುಚ್ಚುವುದು. ನಾನು ಅವರನ್ನು ಕಾಣುವ ಹೊತ್ತಿಗೆ ಆ ಮೇಜಿನ ಮೇಲೆ ಕಂಪ್ಯೂಟರ್ ಕೂತಿತ್ತು, ಅವರಿಗೆ ಅರವತ್ತೆಂಟಾಗಿತ್ತು. ಪೆನ್ಸಿಲ್ ಮಾತ್ರ ಕಿವಿಯ ಮೇಲೆ ಹಾಗೇ ಇತ್ತು. ಯಾವ ಚಿತ್ರವನ್ನಾದರೂ ನೋಡುವ ಮುಂಚೆ ಅವರು ಎದುರಿನ ಖಾಲಿ ಗೋಡೆಯನ್ನು ಒಂದು ನಿಮಿಷ ಸುಮ್ಮನೆ ದಿಟ್ಟಿಸುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಕಣ್ಣು ತೊಳ್ಕೋತಿದೀನಿ" ಅಂದರು.

ನಾನು ಅಲ್ಲಿಗೆ ಹೋದದ್ದು ಪಾಸ್‌ಪೋರ್ಟ್ ಅಳತೆಯ ಫೋಟೋಗೆ. ನಲವತ್ತು ದಾಟಿದ ಮೇಲೆ, ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಿಎಚ್‌.ಡಿ. ಮಾಡುತ್ತಿದ್ದೆ. ವಿಶ್ವವಿದ್ಯಾನಿಲಯಕ್ಕೆ ಪ್ರಗತಿ ವರದಿ ಕೊಡಬೇಕಿತ್ತು, ಅದಕ್ಕೆ ಫೋಟೋ ಅಂಟಿಸಬೇಕಿತ್ತು. ತೆಗೆದ ಫೋಟೋ ನನಗೂ ಒಂದು ಪ್ರತಿ ಹಾಕಿಕೊಡಿ ಎಂದು ಪೆನ್‌ಡ್ರೈವ್ ಕೊಟ್ಟೆ. ಅವರು ಅದನ್ನು ತೆರೆದಾಗ ಪರದೆಯ ತುಂಬ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಹೂವಿನಂಥ ಚಿತ್ರಗಳು ಹರಡಿಕೊಂಡವು.

"ಇದೇನ್ ಮೇಡಂ, ಎಕ್ಸ್‌ರೇನಾ?"

"ಅಲ್ಲ ಸರ್. ನಕ್ಷತ್ರಗಳು. ಒಂದೊಂದು ಚಿತ್ರದಲ್ಲಿ ಒಂದೊಂದು."

"ಇಷ್ಟು ದಪ್ಪ ಇರ್ತದಾ ನಕ್ಷತ್ರ?"

"ನಕ್ಷತ್ರ ನಡುವಿನ ಒಂದು ಚುಕ್ಕೆ ಅಷ್ಟೆ. ಸುತ್ತ ಇರೋದು ಹರಡಿರೋ ಬೆಳಕು. ಅದರ ಮರೆಯಲ್ಲಿ ಇನ್ನೊಂದು ನಕ್ಷತ್ರ ಇದೆಯಾ ಅಂತ ಹುಡುಕ್ತೀನಿ."

ಸಾಮಾನ್ಯವಾಗಿ ಇಷ್ಟು ಹೇಳಿದರೆ ಜನ ಒಳ್ಳೆಯದು ಎಂದು ಮಾತು ಬದಲಿಸುತ್ತಾರೆ. ಇವರು ಕುರ್ಚಿ ನನ್ನ ಕಡೆ ತಿರುಗಿಸಿಕೊಂಡರು. ಹಾಗಾಗಿ ಹೇಳಿದೆ. ಸೂರ್ಯನ ಎರಡು ಪಟ್ಟು, ಐದು ಪಟ್ಟು, ಏಳೆಂಟು ಪಟ್ಟು ತೂಕದ ನಕ್ಷತ್ರಗಳಿವೆ. ತೀರಾ ದೊಡ್ಡವೂ ಅಲ್ಲ, ಸಣ್ಣವೂ ಅಲ್ಲ. ಅವುಗಳಲ್ಲೂ ಈಚೆಗೆ ಹುಟ್ಟಿದವು, ಹುಟ್ಟಿದ ಮೋಡದ ಧೂಳು ಇನ್ನೂ ಸುತ್ತ ಇರುವಂಥವು, ನನ್ನ ಪಟ್ಟಿಯಲ್ಲಿವೆ. ಪರದೇಶದ ದೊಡ್ಡ ದೂರದರ್ಶಕಗಳು ತೆಗೆದ ಚಿತ್ರಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇರುತ್ತವೆ. ಅವನ್ನು ಇಲ್ಲಿ ಕೂತು ನೋಡುತ್ತೇನೆ. ಆ ನಕ್ಷತ್ರಗಳಲ್ಲಿ ಎಷ್ಟಕ್ಕೆ ಸಂಗಾತಿ ಇದೆ, ಎಷ್ಟಕ್ಕೆ ಇಲ್ಲ ಎನ್ನುವುದು ನನ್ನ ಪ್ರಶ್ನೆ. ನಕ್ಷತ್ರಗಳಿಗೆ ವಯಸ್ಸಾದ ಮೇಲೆ ಎಣಿಸಿದರೆ ಕೆಲವು ಸಂಗಾತಿಗಳು ತಪ್ಪಿಹೋಗಿರಬಹುದು. ಚಿಕ್ಕಂದಿನಲ್ಲೇ ಎಣಿಸಿದರೆ ನಕ್ಷತ್ರಗಳು ಹುಟ್ಟುವಾಗಲೇ ಜೊತೆಯಾಗಿ ಹುಟ್ಟುತ್ತವೆಯೇ ಎಂದು ತಿಳಿಯುತ್ತದೆ.

"ಎಷ್ಟಕ್ಕಿದೆ ಮತ್ತೆ?"

"ಅದನ್ನೇ ಎಣಿಸ್ತಿದೀನಿ ಸರ್, ಮೂರು ವರ್ಷದಿಂದ."

"ಎಣಿಸೋಕೆ ಮೂರ್ ವರ್ಷನಾ?" ಎಂದು ಅವರು ಬೆರಗಿನಿಂದಲೇ ಕೇಳಿದರು, ಕುಹಕವಿರಲಿಲ್ಲ.

ನನಗೆ ಹುಮ್ಮಸ್ಸು ಬಂದು ನನ್ನ ಅತ್ಯುತ್ತಮ ಚಿತ್ರ ತೋರಿಸಿದೆ. ನಕ್ಷತ್ರದ ಬಲಗಡೆ, ಸ್ವಲ್ಪ ಮೇಲೆ, ಮುದ್ದಾದ ಒಂದು ಚುಕ್ಕೆ. ಹದಿನೈದು ದಿನದ ಹಿಂದಷ್ಟೇ ಅದರ ಮೇಲೆ ಒಂದು ಪೇಪರ್ ಬರೆದು ಸಂಶೋಧನಾ ಪತ್ರಿಕೆಗೆ ಕಳಿಸಿದ್ದೆ. ಅವರು ಗೋಡೆ ನೋಡಿದರು, ಆಮೇಲೆ ಪರದೆ ನೋಡಿದರು. ಕೀಲಿಮಣೆಯ ಎರಡು ಗುಂಡಿ ಒತ್ತಿ ಚಿತ್ರವನ್ನು ತಿರುವುಮುರುವು ಮಾಡಿದರು. ಕಪ್ಪು ಬಿಳಿಯಾಯಿತು, ನಕ್ಷತ್ರ ಶಾಯಿಯ ಕಲೆಯಂತಾಯಿತು. "ನಂಗೆ ನೆಗೆಟಿವ್‌ನಲ್ಲೇ ಸರಿಯಾಗಿ ಕಾಣೋದು" ಎಂದರು. ನಾವೂ ಮಸುಕಾದದ್ದನ್ನು ಹುಡುಕಲು ಹಾಗೇ ಮಾಡುತ್ತೇವೆ ಎಂದು ನಾನು ಹೇಳುವಷ್ಟರಲ್ಲಿ ಅವರು ತಲೆ ಅಲ್ಲಾಡಿಸಿದರು.

"ಈ ಚುಕ್ಕೆ ಮುಖದ್ದಲ್ಲ ಮೇಡಂ. ಗಾಜಿನದು."

"ಅಂದ್ರೆ?"

"ನೆಗೆಟಿವ್ ಮೇಲೆ ಎರಡು ತರದ ಚುಕ್ಕೆ ಇರ್ತದೆ. ಒಂದು ಮನುಷ್ಯನ ಮುಖದ ಮಚ್ಚೆ. ಇನ್ನೊಂದು ಕ್ಯಾಮೆರಾ ಒಳಗಿನ ಧೂಳು, ಗಾಜಿನ ಹೊಳಪು. ಇದರ ಅಂಚು ನೋಡಿ. ನಡುವಿನ ನಕ್ಷತ್ರದ ಅಂಚು ಒಂದು ತರ ಕರಗ್ತದೆ, ಇದರದ್ದು ಬ್ಯಾರೆ ತರ. ಇಬ್ರೂ ಒಂದೇ ಕ್ಯಾಮೆರಾ ಮುಂದೆ ನಿಂತಿದ್ರೆ ಅಂಚು ಒಂದೇ ತರ ಇರ್ಬೇಕಲ್ವಾ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂರು ವರ್ಷ ನಾನು ನೋಡಿದ್ದನ್ನು ಇವರು ಮೂರು ನಿಮಿಷ ನೋಡಿ ಹೇಳುತ್ತಾರಲ್ಲ ಎಂದು. ಪೆನ್‌ಡ್ರೈವ್ ಕಿತ್ತುಕೊಂಡು ಇಳಿದುಬಂದೆ. ಫೋಟೋ ತೆಗೆದುಕೊಳ್ಳುವುದೇ ಮರೆತೆ.

ಮರುದಿನ ಕಾಲೇಜಿನ ಲ್ಯಾಬಿನಲ್ಲಿ ಕೂತು, ಅದೇ ಉಪಕರಣದಿಂದ ತೆಗೆದ ಬೇರೆ ನಕ್ಷತ್ರಗಳ ಚಿತ್ರಗಳನ್ನು ಒಂದೊಂದಾಗಿ ತೆರೆದೆ. ಪ್ರಕಾಶಮಾನವಾದ ಪ್ರತಿಯೊಂದು ನಕ್ಷತ್ರದ ಬಲಗಡೆ, ಸ್ವಲ್ಪ ಮೇಲೆ, ಅಷ್ಟೇ ದೂರದಲ್ಲಿ ಒಂದು ಮುದ್ದಾದ ಚುಕ್ಕೆ ಇತ್ತು. ಕೆಲವು ಚಿತ್ರಗಳಲ್ಲಿ ಎಷ್ಟು ಮಸುಕೆಂದರೆ ಹುಡುಕಿದರೆ ಮಾತ್ರ ಸಿಗುವಷ್ಟು. ಉಪಕರಣದೊಳಗಿನ ಮಸೂರದಿಂದ ಪ್ರತಿಫಲಿಸಿದ ನಕ್ಷತ್ರದ್ದೇ ಬೆಳಕು. ನಾನು ಹುಡುಕಿರಲಿಲ್ಲ. ಯಾಕೆ ಹುಡುಕಿರಲಿಲ್ಲವೆಂದರೆ ಆ ಚುಕ್ಕೆ ನನಗೆ ಬೇಕಾಗಿತ್ತು. ಪರಿಶೀಲಿಸುತ್ತ ಹೋದಂತೆ ನನ್ನ ಪಟ್ಟಿಯಿಂದ ಒಟ್ಟು ಐದು ಸಂಗಾತಿಗಳು ಬಿದ್ದುಹೋದವು.

ನನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವರು, "ಪೇಪರ್ ವಾಪಸ್ ತಗೊಳ್ಳಿ. ಪತ್ರಿಕೆಯವರಾಗಿ ಹೇಳೋ ಮುಂಚೆ ನಾವೇ ಹೇಳೋದು ಮರ್ಯಾದೆ" ಎಂದರು. ಆಮೇಲೆ, "ನಾನೂ ನೋಡಿರಲಿಲ್ಲ ಇದನ್ನ. ಯಾರು ಹೇಳಿದ್ದು ನಿಮಗೆ?" ಎಂದು ಕೇಳಿದರು.

"ಪಾಸ್‌ಪೋರ್ಟ್ ಫೋಟೋ ತೆಗೆಯೋರು ಸರ್."

"ಅವರನ್ನ ಬಿಡಬೇಡಿ" ಎಂದು ಫೋನಿಟ್ಟರು.

ಪೇಪರ್ ಹಿಂತೆಗೆದುಕೊಂಡೆ. ಪಿಎಚ್‌.ಡಿ. ಅವಧಿಯನ್ನು ಒಂದು ವರ್ಷ ವಿಸ್ತರಿಸಿಕೊಡಿ ಎಂದು ಅರ್ಜಿ ಬರೆದಿಟ್ಟೆ. ಸ್ಟಾಫ್ ರೂಮಿನಲ್ಲಿ ಒಬ್ಬರು, "ಈ ವಯಸ್ಸಲ್ಲಿ ಯಾಕೆ ಮೇಡಂ ಇವೆಲ್ಲ" ಎಂದು ಸಮಾಧಾನದ ಧಾಟಿಯಲ್ಲೇ ಚುಚ್ಚಿದರು. ಎರಡು ವಾರ ಆ ಕಂಪ್ಯೂಟರನ್ನೇ ಮುಟ್ಟಲಿಲ್ಲ. ನಿಲ್ಲಿಸಿಬಿಡೋಣ ಎಂದುಕೊಂಡದ್ದೂ ಉಂಟು. ಕೊನೆಗೆ ಅರ್ಜಿಗೆ ಫೋಟೋ ಬೇಕೇಬೇಕಿತ್ತಲ್ಲ, ಮತ್ತೆ ಆ ಮೆಟ್ಟಿಲು ಹತ್ತಿದೆ.

ಅವರು ನನ್ನ ಫೋಟೋಗಳನ್ನು ಕವರಿನಲ್ಲಿ ಹಾಕಿ ಇಟ್ಟಿದ್ದರು. "ಬಿಟ್ಟು ಹೋಗ್ಬುಟ್ರಿ. ನಾನೂ ಏನೋ ಬಾಯಿಗೆ ಬಂದಿದ್ದು ಅಂದ್ಬುಟ್ಟೆ. ಓದಿದೋರ ಹತ್ರ ಅಂಗೆಲ್ಲ ಮಾತಾಡಬಾರದಾಗಿತ್ತು" ಎಂದರು. ಅವರು ಹದಿನೈದು ದಿನ ಅದನ್ನೇ ಯೋಚಿಸಿದ್ದರೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ನೀವು ಹೇಳಿದ್ದು ಸರಿ ಇತ್ತು ಸರ್. ಗಾಜಿನದೇ."

ಅವರು ಎದ್ದು ನಿಂತುಬಿಟ್ಟರು. ಖುಷಿಯಿಂದ ಮುಖ ಅರಳಿತು, ಮರುಕ್ಷಣ ನನ್ನ ಕಷ್ಟ ನೆನಪಾಗಿ ಸಣ್ಣದಾಯಿತು. "ಛೆ, ನಿಮ್ಮ ಕೆಲಸ ಕೆಟ್ಟೋಯ್ತಲ್ಲ" ಎಂದರು. ಆಮೇಲೆ ತಡೆಯಲಾರದೆ, "ಅಂದ್ರೆ ಕಣ್ಣು ಇನ್ನೂ ಹೋಗಿಲ್ಲ ನಂದು" ಎಂದು ತಮಗೆ ತಾವೇ ಹೇಳಿಕೊಂಡರು.

ಆ ಮಾತಿನ ಅರ್ಥ ನನಗೆ ಆಮೇಲೆ ತಿಳಿಯಿತು. ಒಂದು ದಿನ ನಾನಿದ್ದಾಗಲೇ ಕಾಲೇಜು ಹುಡುಗಿಯೊಬ್ಬಳು ಫೋಟೋ ಪ್ರಿಂಟ್ ಹಾಕಿಸಲು ಬಂದಳು. ಇವರು ವಾಡಿಕೆಯಂತೆ ಪರದೆಯ ಹತ್ತಿರ ಬಾಗಿ, "ಇಲ್ಲಿ ಸ್ವಲ್ಪ ನೆರಳು ತೆಗೀಲಾಮ್ಮ?" ಎಂದರು. "ಬೇಡ ಅಂಕಲ್, ಎಲ್ಲಾ ಫೋನಲ್ಲೇ ಆಗಿದೆ, ಸುಮ್ನೆ ಪ್ರಿಂಟ್ ಕೊಡಿ" ಎಂದಳು ಆಕೆ. ಅವಳ ಕೆನ್ನೆ ಮೇಣದಂತೆ ನುಣ್ಣಗಿತ್ತು. ಅವರು ಪ್ರಿಂಟ್ ಕೊಟ್ಟರು. ಆಕೆ ಹೋದ ಮೇಲೆ, "ಒಂದು ಬಟನ್ ಒತ್ತಿದ್ರೆ ಆಯ್ತು. ನಲವತ್ತು ವರ್ಷ ನಾನು ಮಾಡಿದ್ದು ಅದೇ" ಎಂದರು. ಕೊರಗೇನೂ ಇರಲಿಲ್ಲ ಆ ಮಾತಿನಲ್ಲಿ. ಆದರೂ ಆಮೇಲೆ ಗೋಡೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.

ಎಲ್ಲ ಚುಕ್ಕೆಯನ್ನೂ ಅಳಿಸಬಾರದು ಎನ್ನುವುದನ್ನು ಅವರು ಕಲಿತದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ. ವರುಣಾ ಕಡೆಯ ಹಳ್ಳಿಯಿಂದ ಬಂದ ರೈತರ ಮಗ. ನಗರದಲ್ಲಿ ಕೆಲಸಗಾರ ಎಂದು ಹೆಸರು ಮಾಡಬೇಕೆಂಬ ಆಸೆ. ನಜರ್‌ಬಾದಿನ ಒಂದು ಮನೆಯ ಹೆಣ್ಣುಮಗಳ ಫೋಟೋ ಟಚಿಂಗಿಗೆ ಬಂತು. ಗಂಡಿನ ಕಡೆಯವರಿಗೆ ಕಳಿಸುವ ಫೋಟೋ. ಗಲ್ಲದ ಮೇಲೆ ದೊಡ್ಡ ಮಚ್ಚೆ. ಯಾರೂ ಹೇಳದಿದ್ದರೂ ಇವರು ಅದನ್ನು ಗುರುತೇ ಸಿಗದಂತೆ ತೆಗೆದುಬಿಟ್ಟರು. ಗಂಡಿನವರು ಹೆಣ್ಣು ನೋಡಲು ಬಂದು, ಫೋಟೋದಲ್ಲಿದ್ದವಳು ಇವಳಲ್ಲ, ಅಕ್ಕನನ್ನು ತೋರಿಸಿ ತಂಗಿಯನ್ನು ಕೊಡುತ್ತಿದ್ದೀರಿ ಎಂದು ಜಗಳ ತೆಗೆದು ಎದ್ದುಹೋದರು. ಸುದ್ದಿ ಕೇಳಿ ಇವರು ತಾವೇ ಆ ಮನೆಗೆ ಹೋಗಿ ತಪ್ಪೊಪ್ಪಿಕೊಂಡರು. ಹುಡುಗಿಯ ಅಪ್ಪ ಬೈದರು. ಹುಡುಗಿ ಬಾಗಿಲ ಹತ್ತಿರ ನಿಂತು ಒಂದೇ ಮಾತು ಕೇಳಿದಳಂತೆ: "ಅದು ಇದ್ದರೆ ನಿಮಗೇನಾಗಿತ್ತು?"

"ಅವತ್ತಿಂದ ಕೇಳ್ದೆ ಒಂದು ಮಚ್ಚೆನೂ ಮುಟ್ಟಿಲ್ಲ ಮೇಡಂ" ಎಂದರು. "ಇಪ್ಪತ್ತು ವರ್ಷ ಆದ್ಮೇಲೆ ಅದೇ ಹೆಣ್ಣುಮಗಳು ತನ್ನ ಮಗಳ ಕರ್ಕೊಂಡು ಫೋಟೋ ತೆಗೆಸೋಕೆ ಬಂದ್ರು. ಮಗುಗೂ ಅದೇ ಜಾಗದಲ್ಲಿ ಮಚ್ಚೆ. ನನ್ನ ಗುರುತು ಹಿಡಿದು, ಇದನ್ನ ಬುಟ್ಬುಡಿ ಅಂತ ನಕ್ಕರು."

ವಾರಕ್ಕೆ ಮೂರು ದಿನ, ಕಾಲೇಜು ಮುಗಿಸಿ ಮನೆ ಇರುವ ಸಿದ್ಧಾರ್ಥನಗರದ ಬಸ್ಸು ಹತ್ತುವ ಬದಲು ನಾನು ಸ್ಟುಡಿಯೋಗೆ ಹೋಗತೊಡಗಿದೆ. ಎರಡರಿಂದ ನಾಲ್ಕರವರೆಗೆ ಅಲ್ಲಿ ಗಿರಾಕಿಗಳಿರುತ್ತಿರಲಿಲ್ಲ. ಪಟ್ಟಿಯಲ್ಲಿದ್ದ ಅರವತ್ತು ಚಿಲ್ಲರೆ ನಕ್ಷತ್ರಗಳನ್ನು ಮೊದಲಿನಿಂದ ನೋಡಿದೆವು. ನಾನು ಅಳೆಯುವುದು, ಲೆಕ್ಕ ಹಾಕುವುದು, ಅವರು ನೋಡುವುದು. ನಾಲ್ಕಕ್ಕೆ ಅವರ ಹೆಂಡತಿ ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದರು. "ಮನೇಲಿ ಎದುರಿಗೇ ಇರೋ ಕನ್ನಡಕ ಕಾಣಲ್ಲ ಇವ್ರಿಗೆ. ಆಕಾಶದಲ್ಲಿ ಚುಕ್ಕೆ ಕಾಣ್ತದಂತೆ" ಎಂದು ನನಗೆ ಹೇಳುತ್ತಾ ಲೋಟಕ್ಕೆ ಬಗ್ಗಿಸುತ್ತಿದ್ದರು. ಒಮ್ಮೆ ಅವರೂ ಪರದೆ ನೋಡಿ, "ಇಲ್ಲೊಂದಿದೆ ನೋಡಿ" ಎಂದು ಬೆರಳಿಟ್ಟರು. ನಾವಿಬ್ಬರೂ ಉಸಿರು ಹಿಡಿದು ಬಾಗಿದೆವು. ಆಕೆ ಸೆರಗಿನ ತುದಿಯಿಂದ ಒರೆಸಿದರು, ಹೋಯಿತು. ಅವತ್ತು ಮೂವರೂ ನಕ್ಕ ನಗುವಿಗೆ ಕೆಳಗಿನ ಬಟ್ಟೆ ಅಂಗಡಿಯವರು ಮೇಲೆ ಬಂದು ನೋಡಿಕೊಂಡು ಹೋದರು.

ಅವರು ಹೇಳಿದ್ದೆಲ್ಲ ಸರಿಯಾಗುತ್ತಿತ್ತು ಎಂದಲ್ಲ. ಒಂದು ನಕ್ಷತ್ರದ ಎಡಗಡೆಯ ಚುಕ್ಕೆಯನ್ನು ಅವರು ನೂರಕ್ಕೆ ನೂರು ಮುಖದ್ದೇ ಎಂದರು. ನಾನು ಬೇರೆ ಬಣ್ಣದ ಬೆಳಕಿನಲ್ಲಿ ತೆಗೆದ ಚಿತ್ರ ತಂದು ಪಕ್ಕದಲ್ಲಿಟ್ಟೆ. ಚುಕ್ಕೆ ನಕ್ಷತ್ರದಿಂದ ಹೊರಕ್ಕೆ ಜರುಗಿತ್ತು. ನಿಜವಾದ ನಕ್ಷತ್ರ ಹಾಗೆ ಬಣ್ಣಕ್ಕೊಂದು ಜಾಗದಲ್ಲಿ ಕೂರುವುದಿಲ್ಲ. ಹರಡಿದ ಬೆಳಕಿನ ಗಂಟು ಮಾತ್ರ ಹಾಗೆ ಜರುಗುತ್ತದೆ. ವಿವರಿಸಿದೆ. ಅವರು ಒಪ್ಪಿದರು, ಆದರೆ ಎರಡು ದಿನ ಯಾವ ಚುಕ್ಕೆಯ ಬಗ್ಗೆಯೂ ಬಾಯಿ ಬಿಡಲಿಲ್ಲ. ಇನ್ನೊಂದು ಸಲವೂ ಹಾಗೇ ತಪ್ಪಿದರು. ಆಮೇಲಿಂದ ಖಚಿತವಾಗಿ ಹೇಳುವುದನ್ನು ಬಿಟ್ಟು, "ನನ್ನ ಕಣ್ಣಿಗೆ ಅಂಗೆ ಕಾಣ್ತದೆ. ನೀವು ಅಳೀರಿ" ಎನ್ನತೊಡಗಿದರು. ಈ ಮಾತನ್ನು ನಾನು ಈಗ ಲ್ಯಾಬಿನಲ್ಲಿ ಮಕ್ಕಳಿಗೂ ಕಲಿಸಿದ್ದೇನೆ.

ಮೂವತ್ತೊಂದನೆಯ ನಕ್ಷತ್ರ ನೋಡುವಾಗ ಆ ಸಂಗತಿ ನಡೆಯಿತು. ನಾನು ಅದನ್ನು ಹಿಂದೆಯೇ ಮೂರು ಸಲ ನೋಡಿ 'ಒಂಟಿ' ಎಂದು ಬರೆದಿದ್ದೆ. ಅವರು ನೆಗೆಟಿವ್ ಮಾಡಿ, ನಕ್ಷತ್ರದಿಂದ ಕಡ್ಡಿಯಂತೆ ಚಾಚಿರುವ ಬೆಳಕಿನ ಗೆರೆಯ ಬುಡದಲ್ಲಿ ಪೆನ್ಸಿಲ್ ತುದಿ ಹಿಡಿದರು. ಪರದೆಗೆ ತಾಗಿಸಲಿಲ್ಲ.

"ಇಲ್ಲೇನೋ ಇದೆ."

"ಅದು ಗೆರೆಯ ಗಂಟು ಸರ್. ಎಲ್ಲದರಲ್ಲೂ ಇರುತ್ತೆ."

"ಬ್ಯಾರೆ ಮೂರು ಗೆರೆ ಬುಡದಲ್ಲಿ ಗಂಟು ಉದ್ದುದ್ದ ಅವೆ. ಇದೊಂದು ದುಂಡಗಿದೆ. ಅಂಚು ನೋಡಿ, ದೊಡ್ಡದರ ಅಂಚಿನ ತರವೇ ಕರಗ್ತಾ ಇದೆ. ನನ್ನ ಕಣ್ಣಿಗೆ ಅಂಗೆ ಕಾಣ್ತದೆ."

ಅದೇ ನಕ್ಷತ್ರವನ್ನು ಅವತ್ತೇ ಕ್ಯಾಮೆರಾ ಓರೆಯಾಗಿ ತಿರುಗಿಸಿ ತೆಗೆದ ಇನ್ನೊಂದು ಚಿತ್ರವಿತ್ತು. ಬೆಳಕಿನ ಗೆರೆಗಳು ಕ್ಯಾಮೆರಾಕ್ಕೆ ಸೇರಿದವು. ತಿರುಗಿಸಿದರೂ ಚೌಕಟ್ಟಿನಲ್ಲಿ ಇದ್ದಲ್ಲೇ ಇರುತ್ತವೆ. ಆಕಾಶದಲ್ಲಿ ನಿಜಕ್ಕೂ ಇರುವ ಚುಕ್ಕೆಯಾದರೆ ಜಾಗ ಬದಲಿಸಬೇಕು. ಆ ಚಿತ್ರ ತೆರೆದೆ. ಗೆರೆಗಳು ಇದ್ದಲ್ಲೇ ಇದ್ದವು. ಚುಕ್ಕೆ ಗೆರೆಯ ಬುಡದಿಂದ ಹೊರಬಂದು, ಬಯಲಿನಲ್ಲಿ, ತನ್ನಷ್ಟಕ್ಕೆ ನಿಂತಿತ್ತು. ಎಷ್ಟು ಸ್ಪಷ್ಟವಾಗಿತ್ತೆಂದರೆ ಮೂರು ಸಲ ನೋಡಿಯೂ ನಾನು ಹೇಗೆ ಬಿಟ್ಟೆನೆಂದು ನಾಚಿಕೆಯಾಯಿತು.

"ಮುಖ ವಾಲಿಸಿದ್ರೆ ಮಚ್ಚೆನೂ ವಾಲಿತು" ಎಂದರು ಅವರು ಮೆಲ್ಲಗೆ.

ಆದರೆ ಅದು ಸಂಗಾತಿ ಎಂದು ಇನ್ನೂ ಹೇಳುವ ಹಾಗಿರಲಿಲ್ಲ. ಅದರ ಹಿಂದೆ, ತುಂಬ ದೂರದಲ್ಲಿರುವ ಯಾವುದೋ ನಕ್ಷತ್ರ ನಮ್ಮ ದೃಷ್ಟಿಗೆ ಅದೇ ಜಾಗದಲ್ಲಿ ಬಿದ್ದಿರಬಹುದು. ಮದುವೆ ಮನೆಯ ಗ್ರೂಪ್ ಫೋಟೋದಲ್ಲಿ ಹಿಂದಿನ ರಸ್ತೆಯಲ್ಲಿ ಹೋಗುವವನೂ ಬೀಳುವುದಿಲ್ಲವೇ, ಹಾಗೆ ಎಂದು ಅವರೇ ಹೇಳಿಕೊಂಡರು. ತೀರ್ಮಾನಿಸಲು ಇರುವ ದಾರಿ ಒಂದೇ. ನಕ್ಷತ್ರಗಳು ಆಕಾಶದಲ್ಲಿ ಬಹಳ ನಿಧಾನವಾಗಿ ಸರಿಯುತ್ತವೆ. ಕೆಲವು ವರ್ಷ ಬಿಟ್ಟು ಇನ್ನೊಂದು ಚಿತ್ರ ತೆಗೆದರೆ, ಸಂಗಾತಿಯಾದರೆ ಜೊತೆಯಲ್ಲೇ ಸರಿದಿರುತ್ತದೆ. ದಾರಿಹೋಕನಾದರೆ ಹಿಂದೆ ಉಳಿದಿರುತ್ತದೆ.

ನಮ್ಮ ಚಿತ್ರ ಐದು ವರ್ಷ ಹಳೆಯದು. ಹುಡುಕಿದಾಗ, ಬೇರೊಂದು ತಂಡದವರು ತಮ್ಮ ಯಾವುದೋ ಕೆಲಸಕ್ಕೆ ಈಚೆಗೆ ಅದೇ ನಕ್ಷತ್ರದ ಚಿತ್ರ ತೆಗೆದಿರುವುದು ತಿಳಿಯಿತು. ಆದರೆ ಹೊಸ ಚಿತ್ರಗಳು ಒಂದು ವರ್ಷ ತೆಗೆದವರಿಗೆ ಮಾತ್ರ. ಆಮೇಲೆ ಎಲ್ಲರಿಗೂ ಬಿಡುಗಡೆ. ಬೀಗ ತೆಗೆಯಲು ಇನ್ನೂ ನಾಲ್ಕು ತಿಂಗಳಿತ್ತು. ಅವರು ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ ಆ ತಾರೀಖಿನ ಸುತ್ತ ಪೆನ್ಸಿಲಿನಲ್ಲಿ ಸೊನ್ನೆ ಹಾಕಿದರು.

ಆ ನಾಲ್ಕು ತಿಂಗಳು ನಾವು ಬೇರೆ ನಕ್ಷತ್ರಗಳನ್ನು ನೋಡಿದೆವು, ಆದರೆ ಮಾತೆಲ್ಲ ಮೂವತ್ತೊಂದರದ್ದೇ. ಅವರ ಹೆಂಡತಿ ಒಮ್ಮೆ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, "ಅದು ಇಲ್ಲ ಅಂತ ಆಗ್ಬುಟ್ರೆ ಸ್ವಲ್ಪ ಮೆತ್ತಗೆ ಹೇಳಿ ಮೇಡಂ. ಮೊನ್ನೆ ಎರಡು ತಪ್ಪಾಗಿದ್ದಕ್ಕೇ ಸರಿಯಾಗಿ ಊಟ ಮಾಡ್ಲಿಲ್ಲ" ಎಂದರು. ಹೂಂ ಎಂದೆ. ಅದು ಇಲ್ಲವೆಂದಾದರೆ ನನಗೆ ಯಾರು ಮೆತ್ತಗೆ ಹೇಳುತ್ತಾರೋ ಗೊತ್ತಿರಲಿಲ್ಲ.

ಆ ದಿನ ಬಂತು. ಮೊದಲೆರಡು ಪಿರಿಯಡ್ ಪಾಠ ಏನು ಮಾಡಿದೆನೋ ದೇವರಿಗೇ ಗೊತ್ತು. ಲ್ಯಾಬಿನ ಇಂಟರ್‌ನೆಟ್ ಎರಡು ಸಲ ನಡುವೆ ಕೈಕೊಟ್ಟಿತು. ಮೂರನೆಯ ಸಲ ಚಿತ್ರ ಪೂರ್ತಿ ಇಳಿಯಿತು. ಹಳೆಯದಕ್ಕೆ ಸರಿಯಾಗಿ ಅಳತೆ, ದಿಕ್ಕು ಹೊಂದಿಸಿದೆ. ಅಷ್ಟೇ, ಒಂದರ ಮೇಲೊಂದು ಇಟ್ಟು ನೋಡಲಿಲ್ಲ. ಯಾವ ಪುಣ್ಯದಿಂದ ಅಷ್ಟು ತಾಳ್ಮೆ ಬಂತೋ. ಪೆನ್‌ಡ್ರೈವಿಗೆ ಹಾಕಿಕೊಂಡು, ಆಟೋ ಹಿಡಿದು, ಮಾರ್ಕೆಟ್ ಹತ್ತಿರ ಟ್ರಾಫಿಕ್ ನಿಂತಾಗ ಇಳಿದು ಓಡಿದೆ. ಸೀರೆಯುಟ್ಟ ಲೆಕ್ಚರರ್ ಬಟ್ಟೆ ಅಂಗಡಿಗಳ ಮುಂದೆ ಹಾಗೆ ಓಡುವುದನ್ನು ಕಂಡು ಜನ ದಾರಿ ಬಿಟ್ಟರು.

ಅವರು ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಕಾಯುತ್ತಿದ್ದರು. "ನೋಡಿದ್ರಾ?" ಎಂದರು.

"ಇಲ್ಲ ಸರ್."

"ಒಳ್ಳೇದಾಯ್ತು. ಕೂತ್ಕೊಳ್ಳಿ."

ಗೋಡೆ ನೋಡಿದರು. ಹಳೆಯ ಚಿತ್ರ ಕೆಳಗೆ, ಹೊಸ ಚಿತ್ರ ಮೇಲೆ ಇಟ್ಟು ನಡುವಿನ ದೊಡ್ಡ ನಕ್ಷತ್ರವನ್ನು ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಹೊಂದಿಸಿದರು. ಅದಕ್ಕೇ ಕಾಲು ಗಂಟೆ ಹಿಡಿಯಿತು. ಆಮೇಲೆ ಮೇಲಿನದನ್ನು ನಿಧಾನವಾಗಿ ತೆಳುವಾಗಿಸುತ್ತ ಬಂದರು. ಕೆಳಗಿನದು ಮೂಡುತ್ತ ಬಂತು.

"ಸರಿದುಬುಟ್ಟಿದೆ" ಎಂದರು. ದನಿ ಬಿದ್ದುಹೋಗಿತ್ತು.

ನಾನು ಕುರ್ಚಿ ಜರುಗಿಸಿಕೊಂಡೆ. ಹತ್ತಿರ ಬಾಗಿದೆ. ಒಂದು ಚುಕ್ಕೆ ಎರಡಾಗಿ ಕಾಣುತ್ತಿತ್ತು, ಹಳೆಯದೊಂದು, ಹೊಸದೊಂದು, ನಡುವೆ ಸ್ಪಷ್ಟವಾದ ಅಂತರ. ಆದರೆ ಅವರು ನೋಡುತ್ತಿದ್ದದ್ದು ಚಿತ್ರದ ಮೇಲಿನ ಮೂಲೆಯನ್ನು. ಅಲ್ಲಿ ಮೊದಲಿನಿಂದಲೂ ಇದ್ದ, ನಮಗೆ ಸಂಬಂಧವಿಲ್ಲದ ಮಸುಕು ಚುಕ್ಕೆ ಅದು.

"ಸರ್, ಅದು ನಮ್ಮದಲ್ಲ. ಅದು ದಾರಿಹೋಕ. ಅದು ಸರಿದಿರಲೇಬೇಕು. ನಮ್ಮದನ್ನ ನೋಡಿ."

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ನಡುವಿನ ನಕ್ಷತ್ರದ ಪಕ್ಕಕ್ಕೆ ಬಂದರು. ಮೇಲಿನ ಚಿತ್ರ ತೆಳುವಾಗಿಸಿದರು, ಗಾಢವಾಗಿಸಿದರು, ಮತ್ತೆ ತೆಳುವಾಗಿಸಿದರು. ಮೂಲೆಯ ಚುಕ್ಕೆ ಪ್ರತಿ ಸಲ ಅತ್ತಿಂದಿತ್ತ ಹಾರುತ್ತಿತ್ತು. ನಮ್ಮದು ಕದಲಲಿಲ್ಲ. ಎರಡು ಚಿತ್ರಗಳ ನಡುವಿನ ನಾಲ್ಕು ಚಿಲ್ಲರೆ ವರ್ಷದಲ್ಲಿ ಆ ದೊಡ್ಡ ನಕ್ಷತ್ರ ಎಷ್ಟು ಸರಿದಿತ್ತೋ, ಪಕ್ಕದ ಸಣ್ಣದೂ ಅಷ್ಟೇ, ಅದೇ ದಿಕ್ಕಿಗೆ ಸರಿದಿತ್ತು.

"ಅಳೀರಿ" ಎಂದರು.

ಅಳೆದೆ. ಮೂರು ಸಲ ಅಳೆದೆ. "ಜೊತೆಯಲ್ಲೇ ಇದೆ ಸರ್."

ಅವರು ಫೋನ್ ತೆಗೆದು ಹೆಂಡತಿಗೆ ಮಾಡಿದರು. "ಇದೆ ಕಣೇ" ಎಂದರು. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

"ಏನಿದೆ?"

"ಅದೇ ಕಣೇ, ಜೊತೆ. ಮೂವತ್ತೊಂದಕ್ಕೆ."

"ಇದೆಯಾ? ನಿಜವಾಗ್ಲೂ? ಮೇಡಂ ಅಳೆದ್ರಾ?" ಎಂದ ದನಿ ಒಂದು ಕ್ಷಣ ನಿಂತು, "ಸರಿ, ಈಗಾದ್ರೂ ಡಬ್ಬಿ ತೆಗೆದು ಊಟ ಮಾಡಿ" ಎಂದಿತು.

ಅವರು ಊಟ ಮಾಡಲಿಲ್ಲ. ನನ್ನ ಪಟ್ಟಿ ಕೇಳಿದರು. ಅದರಲ್ಲಿ ಒಂದು ಸಾಲಿನ ತಲೆಗೆ 'ಸಂಗಾತಿ ಇದೆ', ಇನ್ನೊಂದರ ತಲೆಗೆ 'ಒಂಟಿ' ಎಂದು ಬರೆದಿದ್ದೆ. ಮೂವತ್ತೊಂದನ್ನು ಆ ಸಾಲಿನಿಂದ ಈ ಸಾಲಿಗೆ ತಂದೆ. ಇದ್ದವುಗಳ ಸಾಲು ಆಗಲೇ ಇಲ್ಲದವುಗಳ ಸಾಲಿಗಿಂತ ಸಾಕಷ್ಟು ಉದ್ದವಾಗಿತ್ತು. ಅವರು ಹಾಳೆಯನ್ನು ತುಸು ಹೊತ್ತು ನೋಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು 'ಒಂಟಿ' ಎನ್ನುವುದನ್ನು ಹೊಡೆದುಹಾಕಿದರು.

"ಇಂಗೆ ಬರೀಬೇಡಿ ಕಣಮ್ಮ" ಎಂದರು. ಅವರು ನನ್ನನ್ನು ಮೇಡಂ ಎನ್ನದೆ ಮಾತಾಡಿಸಿದ್ದು ಅದೇ ಮೊದಲು. "ನಮ್ಗೆ ಕಂಡಿಲ್ಲ ಅಷ್ಟೆ. ಅಂಗಂತ ಬರೀರಿ."

ಅದರ ಪಕ್ಕದಲ್ಲಿ 'ಇನ್ನೂ ಕಂಡಿಲ್ಲ' ಎಂದು ಬರೆದೆ. ಪ್ರಬಂಧದಲ್ಲೂ ಆ ಅರ್ಥದ ಮಾತೇ ಉಳಿಯಿತು. ಪರೀಕ್ಷಕರು ಅದನ್ನು ಗುರುತು ಹಾಕಿ ಮೆಚ್ಚಿಕೊಂಡರು. ಆದರೆ ಅದು ಎಷ್ಟೋ ಆಮೇಲಿನ ಮಾತು. ಅವತ್ತು ಅವರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, "ಈ ಕಾಣ್ದಿರೋ ಸಾಲಿಂದು ಮೊದಲನೇದು ಹಾಕಿ, ನೋಡೋಣ" ಎಂದರು.

ಹಾಕಿದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಸಪ್ಪಳವಾಗಿ, ಕೈಯಲ್ಲಿ ಯಾವುದೋ ಅರ್ಜಿ ಹಿಡಿದುಕೊಂಡು ಒಬ್ಬರು ಬಾಗಿಲಲ್ಲಿ ನಿಂತರು. ಕರೆಂಟಿನ ಸೆಸ್ಕ್ ಆಫೀಸಿಗೆ ಹೊರಟವರಂತಿದ್ದರು. "ಪಾಸ್‌ಪೋರ್ಟ್ ಸೈಜ್ ಬೇಕಾಗಿತ್ತು, ಅರ್ಜೆಂಟ್ ಸರ್" ಎಂದರು.

"ಅರ್ಧ ಗಂಟೆ ಆಗ್ತದೆ" ಎಂದರು ಇವರು ಪರದೆಯಿಂದ ಕಣ್ಣು ತೆಗೆಯದೆ. "ಸ್ಟೂಲ್ ಎಳ್ಕೊಳ್ಳಿ ಯಜಮಾನ್ರೇ. ನಿಮ್ಮ ಕಣ್ಣು ಎಂಗಿದೆ? ಚೆನ್ನಾಗಿದ್ರೆ ನೀವೂ ನೋಡಿ."

ಆ ಮನುಷ್ಯ ನಮ್ಮಿಬ್ಬರ ಮುಖ ನೋಡಿದರು. ಆಮೇಲೆ ಅರ್ಜಿಯನ್ನು ಮಡಚಿ ಜೇಬಿಗಿಟ್ಟು, ಸ್ಟೂಲ್ ಎಳೆದುಕೊಂಡು, ನಮ್ಮಿಬ್ಬರ ನಡುವೆ ತಲೆ ತೂರಿಸಿ ಕೂತರು.